ಹಣಿಗೆಯ ಹಿಂದೆ ಕೂತವಳು

"ಅಕ್ಕಾ, ಬಟ್ಟೇನ ಪೂರ್ತಿ ಕೊಯ್ದ್‌ಬಿಟ್ಟೆ," ಎಂದಳು ಜಯಪ್ರಿಯಾ. ಫೋನಿನಲ್ಲಿ ಅವಳ ಮುಖದ ಹಿಂದೆ ಮಗ್ಗದ ಹಣಿಗೆ, ಎಳೆಗಳು ಹಾಯುವ ಆ ಉದ್ದನೆಯ ಬಾಚಣಿಗೆ, ಬರಿದಾಗಿ ಕಾಣುತ್ತಿತ್ತು.

ಕೈಯಲ್ಲಿದ್ದ ಲಾಳಿಯನ್ನು ಕೆಳಗಿಡುವುದೂ ಕಾರ್ತಿಕಾಗೆ ಮರೆತುಹೋಯಿತು. ಬಟ್ಟೆ ಕೊಯ್ಯುವಾಗ ಹಣಿಗೆಯೊಳಗೆ ಗೇಣುದ್ದ ಎಳೆ ಉಳಿಸಬೇಕು. ಹೊಸ ಹಾಸಿನ ಉದ್ದ ಎಳೆಗಳನ್ನು ಆ ತುದಿಗಳಿಗೆ ಹೊಸೆದರೆ ಸಾಕು. ಇಲ್ಲದಿದ್ದರೆ ಎರಡು ಸಾವಿರ ಎಳೆಗಳನ್ನೂ ಹಣಿಗೆಯ ಹಲ್ಲುಗಳ ನಡುವೆ ಮತ್ತೆ ಪೋಣಿಸಬೇಕು.

ಜಯಪ್ರಿಯಾ ಹುಟ್ಟಿದ್ದು ಸಿಲೋನಿನ ಯುದ್ಧಕ್ಕೆ ಹೆದರಿ ಓಡಿಬಂದವರ ಕ್ಯಾಂಪಿನಲ್ಲಿ. ತಮಿಳುನಾಡಿನ ತಾರಮಂಗಲದಲ್ಲಿ, ಕನ್ನಡ ನೇಕಾರರಾದ ಕಾರ್ತಿಕಾಳ ಈ ಮನೆಯಲ್ಲಿ ಆರು ವರ್ಷ ದುಡಿದು ನೇಯ್ಗೆಯನ್ನೂ ಕನ್ನಡವನ್ನೂ ಕಲಿತಿದ್ದಳು. ಆದರೆ ಇಲ್ಲಿ ಬಟ್ಟೆ ಕೊಯ್ಯುವುದು ಮನೆಯ ಹಿರಿಯ ಮಾತ್ರ. ಆ ಹೊತ್ತಿಗೆ ಹೆಂಗಸರು ಎದ್ದು ಒಳಗೆ ಹೋಗುವುದು ರೂಢಿ. ಅದೊಂದನ್ನು ಅವಳು ಕಂಡೇ ಇರಲಿಲ್ಲ.

ಹೋದ ವರ್ಷ ಅವಳು ಸಿಲೋನಿನ ತನ್ನವರ ಊರಿಗೆ ಹೋಗಿದ್ದಳು. ತಮಿಳರೂ ಸಿಂಹಳದವರೂ ಒಂದೇ ಸೂರಿನಡಿ ದುಡಿಯಲೆಂದು ಇಂಡಿಯಾ ಸರ್ಕಾರ ಅಲ್ಲಿ ಹನ್ನೆರಡು ಮಗ್ಗ ಹಾಕಿಸಿತ್ತು. ಕಲಿಸುವವಳು ಜಯಪ್ರಿಯಾ. ನಾಳೆ ಇಂಡಿಯಾದ ಅಧಿಕಾರಿಗಳು ನೋಡಲು ಬರುವವರಿದ್ದರು. ಮಗ್ಗ ನಿಂತಿದ್ದರೆ ಅವಳ ಜಾಗಕ್ಕೆ ಬೇರೊಬ್ಬರು ಬರುತ್ತಾರೆ.

ಅಲ್ಲಿ ಯಾರಿದ್ದಾರೆ ಎಂದು ಕಾರ್ತಿಕಾ ಕೇಳಿದಳು.

"ಮಿಕ್ಕೋರಿಗೆಲ್ಲ ಇವತ್ತು ರಜ, ಸಿಂಹಳದ ಅಜ್ಜಿ ಒಬ್ರೇ. ಅವ್ರ ಮಗ ಮಿಲಿಟರೀಲಿದ್ದು ಯುದ್ಧದಾಗೆ ಸತ್ತೋದ. ನಮ್ಮ ತಮಿಳ್ರ ಮುಖಾನೂ ನೋಡಾಕಿಲ್ಲ ಅಕ್ಕಾ."

"ಮುಖ ಯಾಕ್ ನೋಡ್ಬೇಕು? ಹಣಿಗೆ ಹಿಂದೆ ಕೂತು ಎಳೆ ಕೊಡ್ಲಿ. ನೀನು ಈಕಡೆಯಿಂದ ಕೊಕ್ಕೆ ಆಕಿ ಎಳ್ಕೊ. ಇಬ್ರು ಇಲ್ದೆ ಆಗಾಕಿಲ್ಲ."

ಪಕ್ಕದ ಮಗ್ಗದ ಸದ್ದು ನಿಂತಿತು. ಇದೆಲ್ಲ ಎಲ್ಲಿ ಕಲಿತೆ ಎಂದು ಅಪ್ಪ ಮಾರಿಯಪ್ಪ ಕೇಳಿದರು. ಬಾಗಿಲ ಸಂದಿಯಿಂದ ನೋಡುತ್ತಿದ್ದೆ ಎಂದಳು ಕಾರ್ತಿಕಾ, ತಲೆ ಎತ್ತದೆ.

"ಅಲ್ಲಿ ಬೆಕ್ಕು ಐತೆ ಅಂದ್ಕಂಡಿದ್ದೆ," ಎಂದರು ಮಾರಿಯಪ್ಪ. "ಒಂದೊಂದ್ ಹಲ್ಲಿಗೆ ಎರಡೆರಡು ಎಳೆ ಅಂತ ಹೇಳು. ಪದಟ್ಟ ಬ್ಯಾಡ, ನಿದಾನಕ್ಕೆ ಮಾಡ್ಲಿ," ಎಂದು ಲಾಳಿ ಎತ್ತಿಕೊಂಡರು.

ಅಜ್ಜಿಯನ್ನು ಕರೆಯಲು ಜಯಪ್ರಿಯಾಗೆ ಕಾಲು ಗಂಟೆ ಹಿಡಿಯಿತು. ಅಜ್ಜಿ ಬಂದು ಹಣಿಗೆಯ ಹಿಂದೆ ಕೂತರು. ಹಣಿಗೆಯ ಹಲ್ಲುಗಳ ನಡುವೆ ಬರೀ ಬೆರಳು ಕಾಣುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಜಯಪ್ರಿಯಾ ಒಂದು ಹಲ್ಲು ಬಿಟ್ಟು ಮುಂದಿನದಕ್ಕೆ ಕೊಕ್ಕೆ ಹಾಕಿದಳು. ಹಿಂದಿನಿಂದ ಅಜ್ಜಿಯ ಬೆರಳು ಬಂದು ಕೊಕ್ಕೆಗೆ ಮೆಲ್ಲಗೆ ತಟ್ಟಿತು. "ಎಕಯಿ, ದೆಕಯಿ," ಎಂದು ಅವರು ತಮ್ಮ ಭಾಷೆಯಲ್ಲಿ ಎಣಿಸತೊಡಗಿದರು. ಜಯಪ್ರಿಯಾಳೂ ಹಾಗೆಯೇ ಎಣಿಸಿದಳು. ಕಾರ್ತಿಕಾ ಊಟಕ್ಕೆ ಹೋಗಿ ಬಂದಾಗಲೂ ಅದೇ ಎಣಿಕೆ ನಡೆದಿತ್ತು.

ಸಂಜೆ ಐದಕ್ಕೆ ಅಲ್ಲಿಯ ಮಗ್ಗ ನಾಲ್ಕು ಸಲ ಬಡಿಯಿತು. ಲಾಳಿ ಹಾಯಲು ಎಳೆಗಳು ಸಮನಾಗಿ ಬಾಯಿ ಬಿಟ್ಟವು. ಕಾರ್ತಿಕಾ ದೀರ್ಘವಾಗಿ ಉಸಿರು ಬಿಟ್ಟು ಗೋಡೆಗೆ ಒರಗಿದಳು. ಮಾರಿಯಪ್ಪನವರೂ ಕತ್ತು ಚಾಚಿ ನೋಡಿ, ಆಯಿತಲ್ಲ ಎಂಬಂತೆ ತಲೆಯಾಡಿಸಿದರು.

ಫೋನ್ ಇನ್ನೂ ಚಾಲೂ ಇದೆ ಎಂಬುದೇ ಜಯಪ್ರಿಯಾಗೆ ನೆನಪಿದ್ದಂತಿರಲಿಲ್ಲ. ಅಜ್ಜಿ ಸೊಂಟಕ್ಕೆ ಕೈ ಕೊಟ್ಟು ಎದ್ದು, ಮೂಲೆಯಿಂದ ಎರಡು ಲೋಟ ಕರಿ ಚಹಾ ತಂದರು. ಸೆರಗಿನ ಗಂಟಿನಿಂದ ಬೆಲ್ಲ ತೆಗೆದು, ಮಗ್ಗದ ಮರಕ್ಕೆ ಕುಟ್ಟಿ ಒಡೆದು, ದೊಡ್ಡ ಚೂರನ್ನು ಜಯಪ್ರಿಯಾಳ ಅಂಗೈಯಲ್ಲಿಟ್ಟರು.