ಗಾಜಿನ ಮಾವ ಮತ್ತು ಇಪ್ಪತ್ತೊಂದನೆಯ ಕ್ಷಿಪಣಿ

ಬರಿಗೈಯಲ್ಲಿ ಬಂದಾಗಲೂ ಗಾಜಿನ ಮಾವ ಬಾಗಿಲನ್ನು ಅಡ್ಡಡ್ಡವಾಗಿಯೇ ದಾಟುತ್ತಿದ್ದರು. ಎಡಭುಜ ಮುಂದೆ, ಬಲಗೈ ಕೊಂಚ ಮೇಲೆ, ಕಣ್ಣು ಹೊಸ್ತಿಲ ಮೇಲೆ. ನಲವತ್ತು ವರ್ಷ ಆಳೆತ್ತರದ ಗಾಜಿನ ಹಾಳೆಗಳನ್ನು ಅವುಚಿಕೊಂಡು ಇಕ್ಕಟ್ಟಾದ ಮೆಟ್ಟಿಲುಗಳನ್ನು ಹತ್ತಿಳಿದ ದೇಹಕ್ಕೆ, ಹೊರೆ ಇಳಿದ ಮೇಲೂ ನೇರ ನಡಿಗೆ ಮರಳಿ ಬಂದಿರಲಿಲ್ಲ. ಬೀದಿಯ ಮಕ್ಕಳು ಅವರ ಬೆನ್ನಹಿಂದೆ ಏಡಿಯಂತೆ ನಡೆದು ಅಣಕಿಸುತ್ತಿದ್ದರು. ಆ ಹೆಸರನ್ನಿಟ್ಟವರೂ ಅವರೇ. ಕಿಟಕಿಗಳಿಗೆ ಗಾಜು ಕೂರಿಸುವುದು ಮಾವನ ಕಸುಬು. ಬೇಸಿಗೆಯಲ್ಲೂ ಬಿಚ್ಚದ ಬೂದುಬಣ್ಣದ ಕೋಟು, ಅದರ ಜೇಬಿನಲ್ಲಿ ಮಡಚುವ ಅಳತೆಪಟ್ಟಿ, ಕಿವಿಯ ಸಂದಿನಲ್ಲಿ ಪೆನ್ಸಿಲ್. ಯಾರಾದರೂ ಮನೆಯಿಂದಲೇ ಅಳತೆ ಬರೆದು ತಂದರೆ ಚೀಟಿಯನ್ನು ಮರ್ಯಾದೆಯಿಂದ ಇಸಿದುಕೊಂಡು, "ಇದು ನಿಮ್ಮ ಅಳತೆ. ನನ್ನದು ನಾನು ಬಂದು ತಗೋತೀನಿ," ಎನ್ನುತ್ತಿದ್ದರು. ಅವರ ಮಾತು ಯಾವಾಗಲೂ "ನನಗೆ ಗೊತ್ತಿರೋದು ಇಷ್ಟು" ಎಂದು ಆರಂಭವಾಗುತ್ತಿತ್ತು; ಅಷ್ಟನ್ನು ಹೇಳಿದ ಮೇಲೆ ನಿಜಕ್ಕೂ ನಿಂತುಬಿಡುತ್ತಿತ್ತು.

ಯುದ್ಧದ ಎರಡನೆಯ ತಿಂಗಳು. ನಾನಾಗ ಪತ್ರಿಕೆಯೊಂದರಲ್ಲಿ ಓದುಗರ ಪತ್ರಗಳ ಪುಟ ನೋಡಿಕೊಳ್ಳುತ್ತಿದ್ದೆ. ಒಂದು ಮಧ್ಯಾಹ್ನ ಸೈರನ್ ಕೂಗಿ, ನಗರ ಅರ್ಧ ಗಂಟೆ ನಡುಗಿ, ಸಂಜೆ ಸೇನೆಯ ವಕ್ತಾರರು ರೇಡಿಯೊದಲ್ಲಿ ಪ್ರಶಾಂತಸ್ವರದಲ್ಲಿ ಲೆಕ್ಕ ಒಪ್ಪಿಸಿದರು: ಬಂದ ಕ್ಷಿಪಣಿಗಳು ಇಪ್ಪತ್ತೊಂದು, ಆಕಾಶದಲ್ಲೇ ಹೊಡೆದುರುಳಿಸಿದ್ದು ಇಪ್ಪತ್ತೊಂದು, ಮುದ್ರಣಾಲಯದ ಬೀದಿಯಲ್ಲಿ ಬಿದ್ದದ್ದು ಚೂರುಗಳು ಮಾತ್ರ. ಆ ಬೀದಿಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ ಹೆಂಗಸೊಬ್ಬಳು ಸತ್ತಿದ್ದಳು. ಮರುದಿನದಿಂದ ನನ್ನ ಮೇಜಿನ ಮೇಲೆ ಪತ್ರಗಳ ರಾಶಿ. ಅರ್ಧ ಜನ ಒಂದೂ ತಪ್ಪಿಸಿಕೊಂಡಿಲ್ಲವೆಂದು ಆಣೆಯಿಟ್ಟರು. ಉಳಿದರ್ಧ, ಒಂದನ್ನೂ ತಡೆದಿಲ್ಲ, ಎಲ್ಲ ಬೊಗಳೆಯೆಂದು ಬರೆದರು. ಕ್ಷೌರದಂಗಡಿಯಲ್ಲಿ ಒಬ್ಬರು ವಾದದ ಭರದಲ್ಲಿ ಅರ್ಧ ಗಡ್ಡದೊಂದಿಗೇ ಎದ್ದು ನಡೆದರಂತೆ. ಆ ಬೀದಿಗೆ ಹೋಗಿ ನೋಡಿ ಬರೆದವರು ಮಾತ್ರ ಎರಡೂ ಪಕ್ಷಗಳಲ್ಲಿ ಒಬ್ಬರೂ ಇರಲಿಲ್ಲ.

ಐದನೆಯ ದಿನ ಮಾವ ನನ್ನ ಕೋಣೆಗೆ ಬಂದು ನಾಲ್ಕು ಸಾಲಿನ ಪತ್ರವನ್ನು ಮೇಜಿನ ಮೇಲಿಟ್ಟರು. ಹೊಸ ಗಾಜು ಹಾಕಲು ಆ ಬೀದಿಗೆ ಕರೆಸಿದ್ದರಂತೆ. ನಲವತ್ತೊಂದು ಕಿಟಕಿ ಅಳೆದಿದ್ದರು.

"ನನಗೆ ಗೊತ್ತಿರೋದು ಇಷ್ಟು. ಕ್ಷಿಪಣಿ ಮೇಲೆ ಒಡೆದ್ರೆ ಏಟು ಎಲ್ಲಾ ಕಡೆಗೂ ಇಳಿಯುತ್ತೆ, ಎರಡೂ ಸಾಲಿನ ಮನೆಗಳಲ್ಲಿ ಮೇಲಂತಸ್ತಿನ ಗಾಜು ಮೊದಲು ಹೋಗುತ್ತೆ. ಇಲ್ಲಿ ಒಂದೇ ಸಾಲು ಹೋಗಿದೆ, ಅದೂ ಕೆಳಗಿನ ಎರಡು ಅಂತಸ್ತು. ಇದು ನೆಲಕ್ಕೆ ಬಂದು ಒಡೆದದ್ದು."

"ನಿಮ್ಮದೇ ತಪ್ಪಿರಬಹುದಲ್ಲ?" ಎಂದೆ.

"ಇರಬಹುದು. ಬಂದು ಅಳೀಲಿ."

ಪತ್ರ ಅಚ್ಚಾಯಿತು. ಮರುದಿನ ಬೆಳಿಗ್ಗೆ ಅವರ ಅಂಗಡಿಯ ಗಾಜಿನ ಮೇಲೆ ಯಾರೋ ಡಾಂಬರಿನಲ್ಲಿ 'ದ್ರೋಹಿ' ಎಂದು ಬರೆದಿದ್ದರು. ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಪಕ್ಷದವರು ಹಾರ ಹಿಡಿದು ಬಂದು ಸಭೆಗೆ ಆಹ್ವಾನಿಸಿದರು. ಸಭಾಭವನ ಕಿಕ್ಕಿರಿದಿತ್ತು. ಮುಖ್ಯ ಭಾಷಣಕಾರರು, ಇಡೀ ರಕ್ಷಣಾವ್ಯವಸ್ಥೆಯೇ ಕಣ್ಕಟ್ಟು, ಒಂದೇ ಒಂದು ಕ್ಷಿಪಣಿಯನ್ನೂ ತಡೆದಿಲ್ಲ ಎಂದು ಗುಡುಗಿ, ಅನುಮೋದನೆಗಾಗಿ ಮಾವನತ್ತ ತಿರುಗಿದರು. ಮಾವ ಎದ್ದು ಧ್ವನಿವರ್ಧಕದಿಂದ ಒಂದಡಿ ದೂರ ನಿಂತರು.

"ಆಸ್ಪತ್ರೆ ಹಿಂದಿನ ಬೀದೀಲೂ ಅಳೆದಿದ್ದೀನಿ. ಅದು ಮೇಲೇ ಒಡೆದದ್ದು. ಯಾರೋ ತಡೆದಿದ್ದಾರೆ."

ಕುರ್ಚಿಗಳು ಸರಿದವು, ಯಾರೋ ಸಿಳ್ಳೆ ಹಾಕಿದರು, ಹಾರ ತಂದವರು ಮುಖ ಬೇರೆ ಕಡೆ ತಿರುಗಿಸಿದರು. ಒಂದೇ ವಾರದಲ್ಲಿ ಎರಡೂ ಬಣಗಳಿಗೆ ಬೇಡವಾದ ಮನುಷ್ಯನನ್ನು ನಾನು ಕಂಡದ್ದು ಅದೇ ಮೊದಲು. ನನಗೋ ಕುತೂಹಲ, ಬಿಡುವಾದಾಗಲೆಲ್ಲ ಅವರ ಮನೆಗೆ ಹೋಗತೊಡಗಿದೆ.

ಅವರ ಒಬ್ಬಳೇ ಮಗಳು ಸೇನೆಯಲ್ಲಿ ರೇಡಾರಿನ ಮುಂದೆ ಕೂತು, ಬರುವ ಕ್ಷಿಪಣಿಗಳನ್ನು ಎಣಿಸುವವಳು ಎಂಬುದು ಗೊತ್ತಾದದ್ದು ಆಗಲೇ. ಎರಡು ದಿನದ ರಜೆಗೆ ಬಂದಿದ್ದಳು. ತಂದೆಯದೇ ಚೂಪು ಗಲ್ಲ, ತಂದೆಯದೇ ಮಿತಮಾತು. ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿ ಅಂದಳು:

"ಅಪ್ಪ, ಅಲ್ಲಿ ಎಲ್ಲರೂ ಕೇಳ್ತಾರೆ, ನಿಮ್ಮಪ್ಪ ಯಾರ ಕಡೆ ಅಂತ."

"ನೀನೇನಂದೆ?"

"ಕಿಟಕಿ ಕಡೆ ಅಂದೆ."

ಮಾವ ನಗಲಿಲ್ಲ, ಆದರೆ ಕಿವಿಯ ಪೆನ್ಸಿಲನ್ನು ತೆಗೆದು ಸುಮ್ಮಸುಮ್ಮನೆ ಮತ್ತೆ ಅಲ್ಲೇ ಸಿಕ್ಕಿಸಿಕೊಂಡರು. ಆ ಬೀದಿಯನ್ನು ನೋಡಬೇಕೆಂದು ಅವಳೇ ಕೇಳಿದಳು. ಮೂವರೂ ನಡೆದೆವು. ರಟ್ಟು ಕಟ್ಟುವ ಅಂಗಡಿಯಲ್ಲಿ ಸತ್ತವಳ ಗಂಡ ಗೋಂದು ಮೆತ್ತಿದ ಹಲಗೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದ. ಮಗಳ ಸಮವಸ್ತ್ರ ನೋಡಿ ಕೈ ನಿಲ್ಲಿಸಿದ.

"ಅವಳು ಫೋನ್ ಮಾಡಿದ್ಲು, ನೆಲಮಾಳಿಗೆಗೆ ಹೋಗಲಾ ಅಂತ. ಎಲ್ಲಾನೂ ಮೇಲೇ ತಡೀತಾರೆ, ಕೆಲಸ ಮುಗಿಸ್ಕೊಂಡೇ ಬಾ ಅಂದೆ. ಚೂರು ಬಿದ್ದಿದ್ರೆ ಹಣೆಬರಹ ಅಂತೀನಿ, ತಾಯಿ. ಅದು ಚೂರಾ, ಇಡೀದಾ, ಅಷ್ಟು ಹೇಳಿ."

ಮಗಳು ಅವನ ಎದುರು ಬಂದು ನಿಂತಳು. ಆಮೇಲೆ, "ತಡೆದದ್ದು ಅಂತ ನಾನು ಬರೆದದ್ದು ಇಪ್ಪತ್ತು. ಪರದೆ ಮೇಲೆ ಒಂದು ಚುಕ್ಕೆ ಕೊನೇವರೆಗೂ ಆರಲಿಲ್ಲ. ಮೇಲಿನವರ ಹತ್ತಿರ ಹೋಗೋ ಹೊತ್ತಿಗೆ ಅದು ಇಪ್ಪತ್ತೊಂದಾಯ್ತು," ಎಂದಳು.

ಆತ ತಲೆಯಾಡಿಸಿ, "ಅಷ್ಟು ಗೊತ್ತಾಗಬೇಕಿತ್ತು," ಎಂದಷ್ಟೇ ಹೇಳಿ ಕೂತುಬಿಟ್ಟ. ಅವಳು ಅವನ ಪಕ್ಕದಲ್ಲೇ ನೆಲದ ಮೇಲೆ ಕೂತಳು.

ಮಾವ ನನ್ನನ್ನು ಹೊರಗೆ ಕರೆದರು. ತಮ್ಮ ಅಳತೆ ಸರಿಯೆಂದು ಸಾಬೀತಾದ ಗಳಿಗೆ ಅದು; ಮುಖದಲ್ಲಿ ಗೆಲುವಿನ ಸುಳಿವೂ ಇರಲಿಲ್ಲ. ಕೋಟಿನ ಗುಂಡಿಯನ್ನು ತಿರುಗಿಸುತ್ತ, "ಪತ್ರಿಕೆಯವರೇ, ಇದನ್ನ ನೀವು ಕೇಳಿಸ್ಕೊಂಡಿಲ್ಲ," ಎಂದರು. ತುಂಬಿದ ಸಭೆಯಲ್ಲಿ ಅಳೆದದ್ದನ್ನು ಅಳುಕದೆ ಹೇಳಿದ ಧ್ವನಿ ಅಲ್ಲಿ ನಡುಗುತ್ತಿತ್ತು. ನಾನು ಕೇಳಿಸಿಕೊಳ್ಳಲಿಲ್ಲ. ಯುದ್ಧ ಮುಗಿದು, ಮಗಳು ಕೆಲಸ ಬಿಟ್ಟು, ಆ ದಾಳಿಯ ಲೆಕ್ಕದ ತನಿಖೆ ನಡೆಸಿದವರ ಮುಂದೆ ತಾನೇ ಹೋಗಿ ಹೇಳಿಕೆ ಕೊಟ್ಟ ಮೇಲೆ, ಅವಳ ಒಪ್ಪಿಗೆಯಿಂದಲೇ ಇದನ್ನು ಬರೆಯುತ್ತಿದ್ದೇನೆ. ಪರಿಷ್ಕೃತ ವರದಿಯಲ್ಲಿ, ಆ ದಿನ ಇಪ್ಪತ್ತನ್ನು ಪೂರ್ಣವಾಗಿ, ಒಂದನ್ನು 'ಭಾಗಶಃ' ತಡೆಯಲಾಯಿತು ಎಂದಿದೆ. ಓದಿ ಹೇಳಿದಾಗ ಮಾವ ಕೇಳಿದರು: "ಭಾಗಶಃ ಅಂದ್ರೆ ಎಷ್ಟು ಇಂಚು?"

ಇಂಥವರನ್ನು ನಾವು ಧೀರರೆಂದೋ ಹಟಮಾರಿಗಳೆಂದೋ ಕರೆದು ಕೈತೊಳೆದುಕೊಳ್ಳುತ್ತೇವೆ. ಕೂದಲೆಳೆಯಷ್ಟು ಹೆಚ್ಚಾದರೂ ಚೌಕಟ್ಟಿನಲ್ಲಿ ಕೂರದ ವಸ್ತುವಿನೊಡನೆ ಬಾಳಿದ ಕೈಗಳು, ನಾಲಿಗೆಗೂ ಆ ಶಿಸ್ತನ್ನು ಮೆಲ್ಲನೆ ಕಲಿಸಿರುತ್ತವೆ. ಆದರೆ ನಿಖರತೆಯೊಂದನ್ನೇ ಬಲ್ಲವರನ್ನೂ ನಾನು ಕಂಡಿದ್ದೇನೆ. ಅವರ ಹತ್ತಿರ ಕೂತರೆ ಚಳಿಯಾಗುತ್ತದೆ. ಸತ್ಯ ತನ್ನ ಮಗುವಿನ ತಲೆಯ ಮೇಲೆ ಬೀಳಲಿದೆಯೆಂದು ತಿಳಿದಾಗ ಒಮ್ಮೆಯಾದರೂ ಧ್ವನಿ ನಡುಗಿದವರು ಹೇಳುವ ಅಳತೆಯನ್ನು ಮಾತ್ರ ನಾನು ಮರುಮಾತಿಲ್ಲದೆ ನಂಬುತ್ತೇನೆ.