ಒಂದು ದಿನದ ಹೊರತು

೧

ಸತ್ತವರ ಕಥೆಯನ್ನು ಸಾವಿನಿಂದಲೇ ಶುರು ಮಾಡಬೇಕೇ? ಮಾಡಿದರೆ ಸುಲಭ. ಓದುಗರ ಕಣ್ಣು ತಾನಾಗಿಯೇ ಒದ್ದೆಯಾಗುತ್ತದೆ, ಬರೆಯುವವನಿಗೆ ಅರ್ಧ ಕೆಲಸ ಕಡಿಮೆಯಾಗುತ್ತದೆ. ನಾನೂ ಹಾಗೇ ಬರೆದಿದ್ದೆ: 'ಆ ಬೆಳಿಗ್ಗೆ ಊರಿನ ನಲ್ಲಿಗಳೆಲ್ಲ ಮೌನವಾಗಿದ್ದವು.' ನನ್ನ ಬೆನ್ನು ನಾನೇ ತಟ್ಟಿಕೊಂಡು, ತೀರಿಕೊಂಡವರ ಮಗಳಿಗೆ ಓದಿ ಹೇಳಿದೆ. ಆಕೆ ಟೈಲರ್. ಕತ್ತಿನಲ್ಲಿ ಟೇಪು ನೇತಾಡಿಸಿಕೊಂಡೇ ಕೇಳಿಸಿಕೊಂಡಳು.

"ಸುಳ್ಳು. ಅವತ್ತೂ ಐದು ಗಂಟೆಗೇ ನೀರು ಬಂತು. ಬರದೇ ಇದ್ದಿದ್ರೆ ಅಪ್ಪ ಎದ್ದು ಕೂತಿರೋರು," ಎಂದಳು.

(ಮೊದಲ ಡ್ರಾಫ್ಟ್ ಕಸದ ಬುಟ್ಟಿಗೆ. ಆದರೂ ಸಾಲು ಚೆನ್ನಾಗಿತ್ತು. ಬೇರೆ ಯಾರಾದರೂ ಸತ್ತಾಗ ಬಳಸಿಕೊಳ್ಳುತ್ತೇನೆ.)

೧, ಮತ್ತೊಮ್ಮೆ

ಹಾಗಾದರೆ ಕೀಲಿಯಿಂದ ಶುರು ಮಾಡೋಣ. ನೆಲದಡಿಯ ವಾಲ್ವ್ ತಿರುಗಿಸುವ ಐದಡಿ ಉದ್ದದ ಕಬ್ಬಿಣದ ಕೀಲಿ, ಮೇಲೆ ಅಡ್ಡಹಿಡಿ. ಅದನ್ನು ಸೈಕಲ್ಲಿಗೆ ಕಟ್ಟಿಕೊಂಡು ಮೂವತ್ತಾರು ವರ್ಷ ಊರಿನ ಆರು ಬೀದಿಗಳಿಗೆ ಸರದಿಯಂತೆ ನೀರು ಬಿಟ್ಟವರು ಈ ಕಥೆಯ ನಾಯಕರು. ಊರಿಗೆಲ್ಲ ಕೀಲಿ ಮಾಮ. ಒಂದೊಂದು ಬೀದಿಗೆ ಮುಕ್ಕಾಲು ಗಂಟೆ. ವಾಲ್ವನ್ನು ಒಮ್ಮೆಲೇ ತಿರುಗಿಸಿದರೆ ಪೈಪು ಒದರುತ್ತದೆ ಎಂದು ಕಾಲು ಸುತ್ತು, ಕಾಲು ಸುತ್ತು ತಿರುಗಿಸಿ, ಕೀಲಿಯ ಹಿಡಿಗೆ ಕಿವಿಯಿಟ್ಟು ಕೇಳುತ್ತಿದ್ದರು. ನೀರು ಹೊರಟಿತೋ, ನಡುವೆ ಎಲ್ಲಾದರೂ ಸೋರುತ್ತಿದೆಯೋ ಎಲ್ಲ ಆ ಕಿವಿಗೆ ಗೊತ್ತಾಗುತ್ತಿತ್ತು. ಕೆಲಸಕ್ಕೆ ಸೇರಿದ ವರ್ಷ ವೇಳಾಪಟ್ಟಿ ಬರೆದವರೂ ಅವರೇ. ತಮ್ಮ ಮನೆಯಿದ್ದ ಬೀದಿಯನ್ನು ಕೊನೆಗೆ ಹಾಕಿದರು. ಹೆಂಡತಿ ಮೂರು ದಿನ ಮಾತು ಬಿಟ್ಟಳಂತೆ.

೨

ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಯಾವಾಗಲೂ ಬೆಳಗಿನ ಡ್ಯೂಟಿ. ಹಾಗಾಗಿ ಮಗಳಿಗೆ ಜಡೆ ಹಾಕುವುದು, ಮಗನ ಶೂ ಲೇಸು ಕಟ್ಟುವುದು, ಇಬ್ಬರ ಉಗುರು ಕತ್ತರಿಸುವುದು ಎಲ್ಲ ಅಪ್ಪನ ಪಾಲಿಗೆ. ಮೂರನೇ ಬೀದಿಗೆ ನೀರು ಬಿಟ್ಟು ಬಂದು ಒಂದು ಜಡೆ, ನಾಲ್ಕನೇ ಬೀದಿಗೆ ಬಿಟ್ಟು ಬಂದು ಇನ್ನೊಂದು. ನಡುವೆ ಮಗಳು ಅರ್ಧ ತಲೆ ಕೆದರಿಕೊಂಡು ಓದುತ್ತ ಕೂತಿರಬೇಕು. ಸೋರದಂತೆ ವಾಲ್ವಿಗೆ ದಾರ ಸುತ್ತುವ ಕೈ ಅದು. ಆ ಜಡೆ ಸಂಜೆಯವರೆಗೂ ಎಳ್ಳಷ್ಟೂ ಸಡಿಲವಾಗುತ್ತಿರಲಿಲ್ಲ. ಹುಬ್ಬು ಮೇಲೇರಿಸಿಕೊಂಡೇ ಐದು ವರ್ಷ ಶಾಲೆಗೆ ಹೋದೆ ಎಂದು ಆಕೆ ಈಗಲೂ ನಗುತ್ತಾಳೆ.

(ಮೂರನೇ ಭಾಗದಲ್ಲಿ ಗಂಡಹೆಂಡತಿಯ ಪ್ರೇಮದ ಬಗ್ಗೆ ಎರಡು ಪುಟ ಬರೆದಿದ್ದೆ. ನರ್ಸಮ್ಮ ಓದಿದರು, ಕನ್ನಡಕ ತೆಗೆದರು, ಅದು ನಿಮಗೆ ಬೇಡದ ವಿಷಯ ಎಂದರು. ಆದ್ದರಿಂದ ನೇರವಾಗಿ ನಾಲ್ಕಕ್ಕೆ.)

೪

ಈಗ ಸಮಸ್ಯೆ. ಪಂಪ್‌ಹೌಸಿನ ಗೋಡೆಗೆ ಕೀಲಿ ಮಾಮನ ನೆನಪಿನ ಬೋರ್ಡ್ ಹಾಕುವುದೆಂದು ಪುರಸಭೆಯವರು ತೀರ್ಮಾನಿಸಿದರು. ಮೇಲೆ ಹೆಸರು, ಕೆಳಗೊಂದು ಸಾಲು: 'ಮೂವತ್ತಾರು ವರ್ಷ ಒಂದು ದಿನವೂ ಸಮಯ ತಪ್ಪದೆ ನೀರು ಕೊಟ್ಟವರು.' ಭಾನುವಾರ ಅನಾವರಣ. ಗುರುವಾರದೊಳಗೆ ಮನೆಯವರು ಒಪ್ಪಿ ಸಹಿ ಹಾಕಿ ಕಳಿಸಬೇಕು.

ಮಗಳು ಸಹಿ ಹಾಕಲಿಲ್ಲ. ಒಂದು ದಿನ ಸಮಯ ತಪ್ಪಿತ್ತು. ತಪ್ಪಿದ್ದು ಅವಳಿಂದ.

೫

ಆ ದಿನದ ದೃಶ್ಯವನ್ನು ನಾನು ಅದ್ಭುತವಾಗಿ ಬರೆದಿದ್ದೆ. ಬೆಂಕಿ ಹೊತ್ತಿಕೊಂಡ ಮನೆ, ಕಿಟಕಿಯಲ್ಲಿ ಪುಟ್ಟ ಹುಡುಗಿ, ಸೈಕಲ್ ಬಿಸಾಕಿ ಓಡಿಬರುವ ಅಪ್ಪ. ಟೈಲರ್ ಓದಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ನಡೆದದ್ದು ಇಷ್ಟೇ ಎಂದಳು. ಅವಳಿಗಾಗ ಹನ್ನೊಂದು ವರ್ಷ. ಶಾಲೆಯಲ್ಲಿ ಗ್ರೂಪ್ ಫೋಟೋ. ಫೋಟೋದಲ್ಲಿ ಕೂದಲು ಹೊಳೆಯಬೇಕೆಂದು ಬಟ್ಟೆ ಸೋಪನ್ನೇ ಅರ್ಧದಷ್ಟು ತಲೆಗೆ ಉಜ್ಜಿಕೊಂಡಳು. ಅಷ್ಟರಲ್ಲಿ ಮನೆಯಲ್ಲಿದ್ದ ಒಂದೇ ಬಕೆಟ್ ನೀರನ್ನು ತಮ್ಮ ಎಡವಿ ಬೀಳಿಸಿದ. ತಲೆಸ್ನಾನವೆಂದು ಅವತ್ತು ತಡವಾಗಿ, ಐದನೇ ಬೀದಿಗೆ ನೀರು ಬಿಟ್ಟು ಜಡೆ ಹಾಕಲು ಬಂದ ಅಪ್ಪ ನೋಡುತ್ತಾರೆ, ಮಗಳು ತಲೆತುಂಬ ನೊರೆ ಹೊತ್ತು, ಕಣ್ಣು ಮುಚ್ಚಿಕೊಂಡು ಅಳುತ್ತಿದ್ದಾಳೆ. ಐದನೇ ಬೀದಿಗೆ ಇನ್ನೂ ಇಪ್ಪತ್ತು ನಿಮಿಷ ಬಾಕಿಯಿತ್ತು. ಅವರು ಸೈಕಲ್ ತಿರುಗಿಸಿಕೊಂಡು ಹೋದರು. ಸ್ವಲ್ಪ ಹೊತ್ತಿಗೆ ನಲ್ಲಿಯಲ್ಲಿ ನೀರು ಬಂತು.

ಅಷ್ಟಕ್ಕೇ ಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಕೀಲಿ ಮಾಮ ನೀರು ಬಿಟ್ಟ ಹೊತ್ತು ಬರೆಯುವ ದಿನವಹಿ ತೆಗೆದು ತಮ್ಮ ಕೈಯಾರೆ ಬರೆದರು: 'ಐದನೇ ಬೀದಿ ಇಪ್ಪತ್ತು ನಿಮಿಷ ಮುಂಚೆ ಬಂದ್. ಆರನೇ ಬೀದಿ ಚಾಲೂ. ಕಾರಣ: ಮಗಳ ತಲೆಯಲ್ಲಿ ಸೋಪು.' ಮೇಲಧಿಕಾರಿ ವಿವರಣೆ ಕೇಳಿದರು. ಇವರು ಉತ್ತರ ಬರೆದರು: 'ಸೋಪು ಕಣ್ಣಿಗೆ ಇಳಿಯುತ್ತಿತ್ತು.' ಎಚ್ಚರಿಕೆಯ ಪತ್ರ ಬಂತು. ಅದನ್ನು ಮಕ್ಕಳ ಮಾರ್ಕ್ಸ್‌ಕಾರ್ಡುಗಳ ಜೊತೆಗೇ ಜೋಪಾನವಾಗಿ ಇಟ್ಟರು.

೬

ಮಗಳ ವಾದ: ಅಪ್ಪನೇ ಬರೆದಿಟ್ಟದ್ದನ್ನು ಬೋರ್ಡ್ ಅಳಿಸಬಾರದು. ಆ ಇಪ್ಪತ್ತು ನಿಮಿಷ ಅವಳ ಪಾಲಿಗೆ ಅಪ್ಪ ಕೊಟ್ಟ ಆಸ್ತಿ. ಅದು ನಡೆದೇ ಇಲ್ಲ ಎಂಬ ಬೋರ್ಡಿನ ಮುಂದೆ ದಿನವೂ ಅಂಗಡಿಗೆ ಹೋಗುವುದು ಹೇಗೆ? ಅಮ್ಮನ ವಾದ: ನಿವೃತ್ತಿಯ ದಿನ ಊರೇ ಎದ್ದು ನಿಂತ ಮನುಷ್ಯನ ಬೆನ್ನಿಗೆ ಸತ್ತ ಮೇಲೆ ಕಪ್ಪುಚುಕ್ಕೆ ಅಂಟಿಸಬೇಡ. ಈಗ ಗಣಿತದ ಮೇಷ್ಟ್ರಾಗಿರುವ ತಮ್ಮನ ವಾದ: ಮೂವತ್ತಾರು ವರ್ಷದಲ್ಲಿ ಇಪ್ಪತ್ತು ನಿಮಿಷವೆಂದರೆ ಸೊನ್ನೆಗೆ ಸಮ. (ಬಕೆಟ್ ಬೀಳಿಸಿದವನು ಇನ್ನೇನು ಹೇಳಿಯಾನು.)

ಇಲ್ಲಿ ಮೂರು ಕ್ಲೈಮ್ಯಾಕ್ಸ್ ಸಿದ್ಧಪಡಿಸಿದೆ.

ಅ) ಮಗಳು ವೇದಿಕೆಗೆ ನುಗ್ಗಿ ಪರದೆ ಕಿತ್ತೆಸೆಯುತ್ತಾಳೆ. ಅವಳು ಒಪ್ಪಲಿಲ್ಲ. ಪರದೆ ಹೊಲಿದವಳು ಅವಳೇ, ಅಂಚಿಗೆ ಎರಡು ದಿನ ಹಿಡಿದಿತ್ತು.

ಆ) ತಾಯಿ ಮಗಳನ್ನು ಅಪ್ಪಿಕೊಂಡು ಬಿಕ್ಕುತ್ತಾರೆ. ನರ್ಸಮ್ಮ ಖಡಾಖಂಡಿತವಾಗಿ ನಿರಾಕರಿಸಿದರು.

ಇ) ಮಗಳು ಬಾಯಿಗೆ ಬೀಗ ಹಾಕಿಕೊಂಡು ಸಹಿ ಹಾಕುತ್ತಾಳೆ. ಇದನ್ನು ಓದುವಾಗ ಅವಳ ಮುಖ ಸಣ್ಣದಾಯಿತು. ನಾನೇ ಹೊಡೆದುಹಾಕಿದೆ.

ನಿಜವಾಗಿ ಆದದ್ದು ನಾಲ್ಕನೆಯದು, ಈ). ಗುರುವಾರ ಮಧ್ಯಾಹ್ನ ಅವಳು ಪುರಸಭೆಯ ಕಪಾಟಿನಿಂದ ಆ ವರ್ಷದ ದಿನವಹಿಯನ್ನು ತಂದು ಅಮ್ಮನ ಮುಂದೆ ಹಾಸಿದಳು. ಅಮ್ಮ ಆ ಪುಟದ ಮೇಲೆ ಬೆರಳಾಡಿಸಿದರು. ಬೇರೆ ದಿನಗಳದ್ದೆಲ್ಲ ಕಾಗೆ ಕಾಲು ಗುಬ್ಬಿ ಕಾಲು. ಅವತ್ತಿನದು ಮಾತ್ರ ದುಂಡಗೆ, ಕೆಳಗೆ ಗೆರೆ ಎಳೆದು. "ನಂಗೂ ಯಾವತ್ತೂ ಇಷ್ಟು ಚೆನ್ನಾಗಿ ಕಾಗದ ಬರೀಲಿಲ್ಲ," ಎಂದು ಮಗಳ ತಿದ್ದುಪಡಿಗೆ ಸಹಿ ಹಾಕಿದರು. ಪೇಂಟರ್ ಎರಡು ಸಾಲುಗಳ ನಡುವೆ ಜಾಗ ಮಾಡಿ, ತುಸು ಇಕ್ಕಟ್ಟಾಗಿ ಸೇರಿಸಿದ: 'ಒಂದು ದಿನದ ಹೊರತು.'

೭

ಇಲ್ಲಿ ಮುಗಿಸಿದ್ದರೆ ಒಳ್ಳೆಯ ಕಥೆಯಾಗುತ್ತಿತ್ತು. ಮುಗಿಸಿಯೂ ಬಿಟ್ಟಿದ್ದೆ. ಭಾನುವಾರ ಬಂದು ಎಲ್ಲ ಕೆಡಿಸಿತು.

ಪರದೆ ಸರಿಯಿತು. ಊರವರು ಓದಿದರು. ಯಾವ ದಿನ ಎಂದು ಯಾರಾದರೂ ಕೇಳಲಿ ಎಂದು ಮಗಳು ಎದೆ ಗಟ್ಟಿಮಾಡಿಕೊಂಡು ನಿಂತಿದ್ದಳು. ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಅದು ನಮ್ಮ ಮನೆಯ ದಿನ ಎಂದು ಎರಡನೇ ಬೀದಿಯ ಬೇಕರಿಯಾಕೆ ಕಣ್ಣೊರೆಸಿಕೊಂಡಳು. ನಾದಿದ ಹಿಟ್ಟು ನೆಲಕ್ಕೆ ಬಿದ್ದು ಮತ್ತೆ ನಾದಲು ನೀರಿಲ್ಲದೆ ಕೂತಿದ್ದಾಗ, ಸರದಿ ಮುಗಿದಿದ್ದರೂ ಮಾಮ ಹತ್ತು ನಿಮಿಷ ಬಿಟ್ಟರಂತೆ. ಅಲ್ಲವೇ ಅಲ್ಲ, ಅದು ನಮ್ಮಪ್ಪ ತೀರಿಕೊಂಡ ದಿನ, ಮನೆತುಂಬ ಜನ, ಮಧ್ಯಾಹ್ನ ಮತ್ತೆ ಬಿಟ್ಟರು ಎಂದು ನಾಲ್ಕನೇ ಬೀದಿಯ ನಿವೃತ್ತ ಪೋಸ್ಟ್‌ಮನ್ ಪಟ್ಟು ಹಿಡಿದರು. ನನಗೆ ಮೊದಲ ಹೆರಿಗೆಯಾದ ಬೆಳಿಗ್ಗೆ ಎಂದು ಒಬ್ಬಾಕೆ. ಮಗುವಿಗೆ ಮೈತುಂಬ ಅಮ್ಮ ಎದ್ದಾಗ ಎಂದು ಇನ್ನೊಬ್ಬರು. ಪ್ರತಿಯೊಬ್ಬರೂ ಆ ಒಂದು ದಿನ ತಮ್ಮದೇ ಎಂದು ಪ್ರಮಾಣ ಮಾಡುವಂತೆ ಹೇಳುತ್ತಿದ್ದರು.

ಮೇಷ್ಟ್ರಾದ ತಮ್ಮ ಪುರಸಭೆಯ ಕಪಾಟಿಗೆ ಓಡಿದ. ಇವರು ಹೇಳಿದ ತಾರೀಖುಗಳನ್ನೆಲ್ಲ ಹುಡುಕಿದ. ಹನ್ನೊಂದು ತಾರೀಖು, ಹನ್ನೊಂದರಲ್ಲೂ ಒಂದೇ ಬರಹ: 'ಎಂದಿನಂತೆ.'

ಮಗಳಿಗೆ ಮೊದಲು ಬಂದದ್ದು ಸಿಟ್ಟು. ಅದನ್ನು ಮುಚ್ಚಿಡುವುದು ಬೇಡ ಎಂದು ಅವಳೇ ಹೇಳಿದ್ದಾಳೆ.

"ಊರಿಗೆಲ್ಲ ಕೊಟ್ಟಿದ್ದು ಎಂದಿನಂತೆ. ನಂಗೆ ಕೊಟ್ಟಿದ್ದು ಮಾತ್ರ ತಪ್ಪು ಅಂತ ಬರೆದ್ರಾ?"

ಹೇಳಿದ ಮೇಲೆ ಅವಳಿಗೇ ಕೇಳಿಸಿತು, ಹೇಳಿದ್ದೇನೆಂದು: ಊರಿಗೆ ಬಿಟ್ಟದ್ದು ಅಪ್ಪನಿಗೆ ದಿನದ ಕೆಲಸ, ಸ್ವಂತ ಮನೆಗೆ ಬಿಟ್ಟದ್ದಕ್ಕೆ ಮಾತ್ರ ಲೆಕ್ಕ ಕೊಡಬೇಕಿತ್ತು. ಪಂಪ್‌ಹೌಸಿನ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತಳು. ಅಳುತ್ತಲೇ ನಗತೊಡಗಿದಳು. ಅಪ್ಪ ಸತ್ತು ಆರು ತಿಂಗಳಾಗಿತ್ತು, ಅಷ್ಟು ಹತ್ತಿರದಲ್ಲಿ ಅವರು ಅಲ್ಲಿಯವರೆಗೆ ಸಿಕ್ಕಿರಲಿಲ್ಲ.

ಇದೆಲ್ಲ ನಿಮಗೆ ಮೊದಲೇ ಗೊತ್ತಿತ್ತೇ ಎಂದು ನರ್ಸಮ್ಮನನ್ನು ಕೇಳಿದೆ.

"ನನ್ನ ಕೇಳ್ಬೇಡಿ. ನಾನು ಬೆಳಗಿನ ಡ್ಯೂಟೀಲಿದ್ದೆ," ಎಂದು ಅವರು ಬೇರೆ ಕಡೆ ನೋಡಿದರು.

೮

ಓದುಗರೇ, ಇನ್ನು ನೀವೇ ಹೇಳಿ. ಬೋರ್ಡ್ ಮೊದಲೂ ಸುಳ್ಳು, ತಿದ್ದಿದ ಮೇಲೂ ಸುಳ್ಳು. ಪೇಂಟರ್ ಏಣಿಯ ಮೇಲೆ ಕುಂಚ ಹಿಡಿದು ನಿಂತಿದ್ದಾನೆ, ಒಂದನ್ನು ಅಳಿಸಿ ಎಷ್ಟು ದಿನ ಎಂದು ಬರೆಯಲಿ ಎಂದು ಕೇಳುತ್ತಿದ್ದಾನೆ. ನಾನು ಹನ್ನೆರಡು ಎಂದೆ. ಅಷ್ಟರಲ್ಲಿ ಕೋಲೂರಿಕೊಂಡು ಇನ್ನೊಬ್ಬ ಅಜ್ಜಿ ಬಂದರು. ಹದಿಮೂರು ಎಂದೆ. ಅಜ್ಜಿಯ ಹಿಂದೆ ಒಂದು ಸಂಸಾರವೇ ಬರುತ್ತಿತ್ತು.

ಟೈಲರ್ ಕಣ್ಣೊರೆಸಿಕೊಂಡು ಎದ್ದಳು. ಏಣಿ ಇಳಿಯುವಂತೆ ಪೇಂಟರಿಗೆ ಸನ್ನೆ ಮಾಡಿದಳು, ಅಜ್ಜಿಗೊಂದು ಕುರ್ಚಿ ಎಳೆದು ಹಾಕಿದಳು. ತಾನು ನೆಲದ ಮೇಲೆ ಕೂತು ಹೇಳಿದಳು:

"ಹೇಳಿ ಅಜ್ಜಿ. ಅವತ್ತು ನಮ್ಮಪ್ಪ ಏನ್ಮಾಡಿದ್ರು?"

ಅಜ್ಜಿ ಮೊದಲು ಒಂದು ಲೋಟ ನೀರು ಕೇಳಿದರು. ಮಗಳು ತರಲು ಎದ್ದಿದ್ದಾಳೆ, ಅಜ್ಜಿ ಇನ್ನೂ ಶುರು ಮಾಡಿಲ್ಲ, ಹಾಗಾಗಿ ನಾನೂ ಪೂರ್ಣವಿರಾಮ ಇಡುತ್ತಿಲ್ಲ,