ಐತಾರದ ಫೋಟೊ

"ಇನ್ನೂ ಹತ್ತಿರದಿಂದ ತೆಗೆಯಿರಿ" ಎಂಬ ಸಾಲನ್ನು ಬೀರಲಿಂಗೇಶ್ ನಾಲ್ಕನೆಯ ಸಲ ಓದಿದ.

ಒಟಿಪಿ ನೋಡಲೆಂದು ಹೆಂಡತಿ ಪುಷ್ಪಲತಾಳ ಮೊಬೈಲು ಎತ್ತಿಕೊಂಡಿದ್ದ, ಅಷ್ಟೆ. ಕಣ್ಣಿಗೆ ಬಿದ್ದದ್ದು ಒಂದು ಫೋಟೊ. ಸುತ್ತ ಕತ್ತಲು, ನಡುವೆ ಅರಿಶಿನ ಸವರಿದ ನುಣುಪಾದ ಒಂದು ತಿರುವು. ಹೆಗಲೋ, ಸೊಂಟವೋ! ಕಳಿಸಿದ್ದು ಯಾವನೋ ಜಂಬುನಾಥ ಸರ್‌ಗೆ. 'ಬಹಳ ಚೆನ್ನಾಗಿದೆ' ಎಂದು ಹೊಗಳಿದ ಆ ಪುಣ್ಯಾತ್ಮನೇ ಹತ್ತಿರದಿಂದ ತೆಗೆಯಲೂ ಹೇಳಿದ್ದ. ಮೇಲಕ್ಕೆ ಸರಿಸಿದರೆ ಅಂಥವೇ ಇನ್ನೂ ಮೂರು. ಎಲ್ಲವೂ ಭಾನುವಾರ ಮಧ್ಯಾಹ್ನದವು. ತಾನು ಕೊಟ್ಟೂರು ಬಸ್‌ಸ್ಟ್ಯಾಂಡಿನ ಬಳಿ ಪಂಕ್ಚರ್ ಅಂಗಡಿಯಲ್ಲಿ ಬೆವರು ಸುರಿಸುವ ಹೊತ್ತು!

ಕೇಳಿಬಿಡಬಹುದಿತ್ತು. ಕೇಳುವ ಧೈರ್ಯವಿದ್ದರೆ ತಾನೇ! ವಾರವಿಡೀ ಅವಳ ಮೇಲೆ ಕಣ್ಣಿಟ್ಟ. ರೊಟ್ಟಿ ಬಡಿಯುತ್ತ ನಕ್ಕರೆ ಯಾರಿಗಾಗಿ ನಕ್ಕಳೋ ಎಂದು ಅನುಮಾನ, ಸುಮ್ಮನಿದ್ದರೆ ಯಾರನ್ನು ನೆನೆಯುತ್ತಿದ್ದಾಳೋ ಎಂದು ಅನುಮಾನ. ಶನಿವಾರದ ಹೊತ್ತಿಗೆ ಅವಳನ್ನು ತವರಿಗೆ ಅಟ್ಟಿಬಿಡುವ ತೀರ್ಮಾನವೂ ಆಗಿಹೋಯಿತು.

ಭಾನುವಾರ ಅಂಗಡಿಯನ್ನು ಅರ್ಧಕ್ಕೇ ಬಿಟ್ಟು ಬಂದು ಬಾಗಿಲು ದೂಡಿದ.

ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲು ನೇರ ಇಳಿದಿತ್ತು. ಅದರಡಿ ಪುಷ್ಪಲತಾ ಮೊಣಕಾಲೂರಿ, ನೀರು ತುಂಬುವ ಮಣ್ಣಿನ ಹರವಿಗೆ ಮೊಬೈಲು ಹಿಡಿದಿದ್ದಳು. ಹರವಿಯ ಹೊಟ್ಟೆ ಹಳದಿಯಾಗಿತ್ತು.

"ಯಾಕ್ರಿ, ಇಷ್ಟು ಲಗೂ ಬಂದ್ರಿ?"

"ಯಾರವ ಜಂಬುನಾಥ?"

"ಫೋಟೊ ತೆಗಿಯೋದು ಕಲಿಸೋ ಸರ್ ರೀ. ನಮ್ಮ ಸಂಘದ ಹೆಣ್ಮಕ್ಕಳಿಗೆಲ್ಲ ಮೊಬೈಲ್‌ನಾಗ ಕಲಿಸ್ತಾರ. ಮನಿ ಸಾಮಾನ ಬಿಸಿಲಾಗ ಇಟ್ಟು, ಏನಂತ ಗುರ್ತು ಸಿಗದಂಗ ತೆಗೀಬೇಕಂತ. ಇವತ್ತು ಐತಾರ ಐತಲ್ಲ, ಅತ್ತಿ ಹರವಿಗೆ ಭಂಡಾರ ಹಚ್ಚ್ಯಾರ, ಬಣ್ಣ ಚಲೋ..."

ಭಾನುವಾರ ಮೈಲಾರಲಿಂಗನ ವಾರ. ಅವ್ವ ಮೈಲಮ್ಮ ವಾರವಾರವೂ ಹರವಿಗೆ ಭಂಡಾರದ ಅರಿಶಿನ ಬಳಿಯುವುದನ್ನು ಬೀರಲಿಂಗೇಶ್ ಹುಟ್ಟಿದಾಗಿನಿಂದ ನೋಡಿದ್ದಾನೆ. ಥೂ, ಎಂಥ ಕುರುಡ ನಾನು ಎನಿಸಿತು.

ಪುಷ್ಪಲತಾ ಗಂಡನ ಮುಖ ನೋಡಿದಳು, ಹರವಿ ನೋಡಿದಳು.

"ನನ್ನ ಮೈ ಅನ್ಕೊಂಡ್ರೇನ್ರಿ?"

ಬೀರಲಿಂಗೇಶ್ ನಾಚಿಕೆಯಿಂದ ನೆಲಕ್ಕಿಳಿದು ಹೋದ. "ತೆಗಿ, ನೀ ತೆಗಿ. ನಾ ಏನೂ ಅನ್ನಂಗಿಲ್ಲ" ಎಂದ.

"ಬೆಳಕು ಸರದು ಹೋತ್ರಿ."

ಮೊಬೈಲನ್ನು ಅವನ ಕೈಗಿಟ್ಟು ಎದ್ದಳು. ಅವ್ವ ಗುಡಿಗೆ ಹೋಗಿದ್ದಳು, ಮನೆಯಲ್ಲಿ ಅವರಿಬ್ಬರೇ ಇದ್ದರು. ಆದರೂ ಸೆರಗನ್ನು ಎಳೆದು ಎರಡೂ ಹೆಗಲು ಮುಚ್ಚಿಕೊಂಡಳು.